ಸಚಿತ್ರ ಹಸ್ತಪ್ರತಿಗಳಲ್ಲಿ ರಾಜರ ಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳೆಲ್ಲ ಮಧ್ಯಯುಗದ ಯುರೋಪಿನಲ್ಲಿ ಚರ್ಮದ ಹಾಳೆಯ ಮೇಲೆ ಕೈಯಲ್ಲಿ ಬರೆದು, ಬಣ್ಣ ತುಂಬಿ, ಬಂಗಾರ ಬಳಿದ ಪುಸ್ತಕಗಳ ಬಗ್ಗೆ. ಹೆಚ್ಚಿನ ಉದಾಹರಣೆಗಳು ಸುಮಾರು 845ರಿಂದ 1031ರ ನಡುವಿನವು, ಯಾಕೆಂದರೆ ರಾಜರ ಚಿತ್ರಗಳು ಅತ್ಯಂತ ಧೈರ್ಯವಾಗಿ ಮಾತಾಡಿದ ಕಾಲ ಅದು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಚಿತ್ರಗಳಲ್ಲಿ ಮುಖ ನೋಡುವ ಮುಂಚೆ ಕೈ ನೋಡಿ. ಯಾರ ಕೈಯಲ್ಲಿ ಏನಿದೆ, ಯಾರ ಕೈ ಯಾರ ತಲೆಯ ಮೇಲಿದೆ, ಯಾರ ತೋಳಿಗೆ ಯಾರು ಆಸರೆ ಕೊಟ್ಟಿದ್ದಾರೆ ಎಂದು ಹುಡುಕಿದರೆ ಚಿತ್ರ ತಾನಾಗಿ ಬಾಯಿ ಬಿಡುತ್ತದೆ.

ರಾಜರು ನಿಜವಾಗಿಯೂ ನೋಡಲು ಹೀಗೇ ಇದ್ದರೇ?

ಬಹುಪಾಲು ಇಲ್ಲ. 9ನೆಯ ಶತಮಾನದಲ್ಲಿ ಈಗಿನ ಫ್ರಾನ್ಸ್ ಸೀಮೆಯನ್ನು ಆಳಿದ, ಫ್ರಾಂಕ್ ಜನಾಂಗದ ದೊರೆ ಚಾರ್ಲ್ಸ್‌ಗೆ ಚರಿತ್ರೆ ಇಟ್ಟ ಅಡ್ಡಹೆಸರು ‘ಬೋಳ’. ಅವನ ಚಿತ್ರಗಳನ್ನು ನೋಡಿ, ಕಿರೀಟದ ಕೆಳಗೆ ಕೂದಲು ಚೆನ್ನಾಗಿಯೇ ಕಾಣುತ್ತದೆ! ಹಾಗೆಂದು ಮುಖ ಪೂರ್ತಿ ಕಲ್ಪನೆ ಅನ್ನುವಂತೆಯೂ ಇಲ್ಲ. ಬೇರೆ ಬೇರೆ ಪುಸ್ತಕಗಳಲ್ಲಿ ಚಾರ್ಲ್ಸ್‌ಗೆ ಅದೇ ಮೀಸೆ ಇದೆ, ಅದು ಫ್ರಾಂಕರ ಗುರುತು. ಆದರೆ ಚಿತ್ರಕಾರನ ಗುರಿ ಮುಖದ ಹೋಲಿಕೆಯಾಗಿರಲಿಲ್ಲ. ಈತ ರಾಜ, ರಾಜತ್ವ ಇವನಿಗೆ ಇಂಥಲ್ಲಿಂದ ಬಂತು, ಅದಕ್ಕೆ ಪ್ರತಿಯಾಗಿ ಇವನು ಇಂಥದ್ದನ್ನು ಮಾಡಬೇಕು ಎಂದು ತೋರಿಸುವುದಾಗಿತ್ತು. ಪಾಸ್‌ಪೋರ್ಟಿನ ಫೋಟೊ ನೋಡುವ ಕಣ್ಣಿನಿಂದ ಇವನ್ನು ನೋಡಿದರೆ ನಿರಾಸೆಯೇ ಸಿಗುವುದು.

ಮುಖ ಹೋಲದಿದ್ದರೆ ಇಂಥ ರಾಜನೇ ಎಂದು ಹೇಗೆ ಹೇಳುತ್ತಾರೆ?

ಚಿತ್ರದ ಪಕ್ಕದ ಅಥವಾ ಎದುರು ಪುಟದ ಪದ್ಯದಲ್ಲಿ ಹೆಸರು ಇರುತ್ತದೆ, ಅದೇ ಮೊದಲ ಆಧಾರ. ಹೆಸರು ಇಲ್ಲದ ಕಡೆ ಜಗಳ ಇನ್ನೂ ಮುಗಿದಿಲ್ಲ. ಬಾಂಬರ್ಗ್‌ನಲ್ಲಿರುವ ‘ಪ್ರಕಟನೆ’ (ಬೈಬಲಿನ ಕೊನೆಯ ಪುಸ್ತಕ) ಗ್ರಂಥದ ಪ್ರತಿಯಲ್ಲಿ ಸಂತ ಪೇತ್ರ, ಸಂತ ಪೌಲರು ಒಬ್ಬ ದೊರೆಗೆ ಕಿರೀಟ ಇಡುತ್ತಿದ್ದಾರೆ. ಅವನು ಜರ್ಮನಿಯ ದೊರೆ ಮೂರನೆಯ ಆಟೊ ಎನ್ನುವವರೂ ಇದ್ದಾರೆ, ಅವನ ನಂತರ ಪಟ್ಟಕ್ಕೆ ಬಂದ ಎರಡನೆಯ ಹೆನ್ರಿ ಎನ್ನುವವರೂ ಇದ್ದಾರೆ. ಮುಖ ನೋಡಿ ತೀರ್ಮಾನ ಮಾಡುವ ಹಾಗಿದ್ದರೆ ಈ ವಾದ ಯಾವತ್ತೋ ಮುಗಿಯುತ್ತಿತ್ತು.

ಧರ್ಮಗ್ರಂಥದ ಒಳಗೆ ರಾಜನಿಗೇನು ಕೆಲಸ?

ನನಗೆ ತುಂಬ ಇಷ್ಟದ ಪ್ರಶ್ನೆ ಇದು. ಉತ್ತರಕ್ಕೆ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಎರಡು ಪುಸ್ತಕಗಳು ಸಾಕು.

ಮೊದಲನೆಯದು ಚಾರ್ಲ್ಸ್‌ನ ‘ಮೊದಲ ಬೈಬಲ್’. ತೂರ್ ಪಟ್ಟಣದ ಸಂತ ಮಾರ್ಟಿನ್ ಮಠದಲ್ಲಿ ತಯಾರಾಗಿ 845ರ ಸುಮಾರಿಗೆ ಅವನಿಗೆ ಕಾಣಿಕೆಯಾಗಿ ಹೋಯಿತು. ಆಗ ಅವನಿಗೆ ಇಪ್ಪತ್ತೆರಡರ ಆಸುಪಾಸು. 423 ಹಾಳೆ, ಹತ್ತಿರ ಹತ್ತಿರ ಅರ್ಧ ಮೀಟರ್ ಎತ್ತರ. ಇಷ್ಟು ದೊಡ್ಡ ಅಳತೆಯಲ್ಲಿ ಒಂದು ತೊಗಲಿಗೆ ಒಂದು ಜೋಡಿ ಹಾಳೆ ಅಂತ ಹಿಡಿದರೆ ಇನ್ನೂರಕ್ಕೂ ಹೆಚ್ಚು ಪ್ರಾಣಿಗಳ ಚರ್ಮ ಬೇಕಾಯಿತು. ಪುಸ್ತಕದ ಕೊಟ್ಟಕೊನೆಯ ಚಿತ್ರದಲ್ಲಿ ಇದೇ ಪುಸ್ತಕವನ್ನು ರಾಜನಿಗೆ ಒಪ್ಪಿಸುವ ದೃಶ್ಯವಿದೆ. ಸಿಂಹಾಸನದಲ್ಲಿ ಚಾರ್ಲ್ಸ್, ಅಕ್ಕಪಕ್ಕ ಆಸ್ಥಾನದವರು, ಕಾವಲುಭಟರು. ಸುತ್ತ ಅರ್ಧಚಂದ್ರಾಕಾರವಾಗಿ ಮಠದವರು ನಿಂತಿದ್ದಾರೆ. ಅವರಲ್ಲೊಬ್ಬ ನಮಗೆ ಬೆನ್ನು ಹಾಕಿದ್ದಾನೆ, ನಾವೂ ಅವನ ಹಿಂದೆಯೇ ಸೇರಿಕೊಂಡಂತೆ ಅನಿಸುತ್ತದೆ. ಎಡಗಡೆಯಿಂದ ಬೈಬಲ್ ಬರುತ್ತಿದೆ. ತಂದವರ ಬರಿಗೈ ಅದನ್ನು ಮುಟ್ಟಿಲ್ಲ, ಬಿಳಿ ಬಟ್ಟೆಯಲ್ಲಿ ಹಿಡಿದಿದ್ದಾರೆ. ಪವಿತ್ರವಾದದ್ದನ್ನು ಹಾಗೆಯೇ ಹಿಡಿಯಬೇಕು. ಈ ಮಠಕ್ಕೆ ಆಗ ಒಡೆಯನಾಗಿದ್ದವನು ಸನ್ಯಾಸಿಯಲ್ಲ, ವಿವಿಯನ್ ಎಂಬ ಕೌಂಟ್, ರಾಜನೇ ನೇಮಿಸಿದ ಗೃಹಸ್ಥ. ಇದು ಗೊತ್ತಿದ್ದರೆ ಈ ಕಾಣಿಕೆಯ ತೂಕ ಇನ್ನಷ್ಟು ತಿಳಿಯುತ್ತದೆ. ಮಠದವರು ದೊರೆಗೆ ಪುಸ್ತಕ ಕೊಡುತ್ತಿದ್ದಾರೆ, ಜೊತೆಗೆ ತಮ್ಮ ಹಕ್ಕು, ಆಸ್ತಿ ಕಾಯಬೇಕಾದವನು ನೀನು ಎಂದು ನೆನಪನ್ನೂ ಮಾಡುತ್ತಿದ್ದಾರೆ. ಅದೇ ಪುಸ್ತಕದ ನಡುವೆ ದಾವೀದ ಅರಸ ಕಿನ್ನರಿ ನುಡಿಸುತ್ತ ಕುಣಿಯುವ ಚಿತ್ರವೂ ಇದೆ. ಅವನ ತಲೆಯ ಮೇಲೆ ಚಾರ್ಲ್ಸ್ ತೊಟ್ಟಂಥದೇ ಕಿರೀಟ. ದಾವೀದನ ಹಾಗೆ ಆಳು ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಎರಡನೆಯದು ಚಾರ್ಲ್ಸ್‌ನ ಮಲಅಣ್ಣ ಚಕ್ರವರ್ತಿ ಲೊಥೇರ್‌ನ ಸುವಾರ್ತೆ ಗ್ರಂಥ (ಕ್ರಿಸ್ತನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳು), 849ರಿಂದ 851ರ ನಡುವಿನದು. ಈ ಸಹೋದರರು 841ರಲ್ಲಿ ಫೋಂತನ್ವಾ ಎಂಬಲ್ಲಿ ಒಬ್ಬರ ಮೇಲೊಬ್ಬರು ಸೇನೆ ಹೂಡಿ ಕಾದಾಡಿದವರು. ರಾಜಿಯಾದ ಮೇಲೆ ಲೊಥೇರ್ ತನ್ನ ಪುಸ್ತಕವನ್ನು ಮಾಡಿಸಿದ್ದು ತಮ್ಮನ ಸೀಮೆಯಲ್ಲಿದ್ದ ಅದೇ ತೂರ್ ಮಠದಲ್ಲಿ. ಅದರ ಅರ್ಪಣೆಯ ಪದ್ಯ ಚಿತ್ರ ಯಾಕಿದೆ ಎಂದು ಹೇಳಿಬಿಡುತ್ತದೆ: ಇಲ್ಲಿ ಚಕ್ರವರ್ತಿಯ ಮುಖ ಕಂಡವರು ಅವನಿಗಾಗಿ ದೇವರಲ್ಲಿ ಬೇಡಿಕೊಳ್ಳಲಿ. ಚಿತ್ರ ಆ ಬೇಡಿಕೆಯ ನೆನಪೋಲೆ. ಲೊಥೇರ್ 855ರಲ್ಲಿ ತೀರಿಕೊಂಡ, ಪುಟ ಇನ್ನೂ ಅದೇ ಕೆಲಸ ಮಾಡುತ್ತಿದೆ.

ಮೇಲಿನಿಂದ ಒಂದು ಕೈ ಮಾತ್ರ ಇಳಿದು ಬರುತ್ತದಲ್ಲ, ಅದು ಯಾರದು?

ದೇವರದು. ತಂದೆಯಾದ ದೇವರನ್ನು ಪೂರ್ತಿ ಮನುಷ್ಯರೂಪದಲ್ಲಿ ಬರೆಯಲು ಆ ಕಾಲದ ಚಿತ್ರಕಾರರು ಹಿಂಜರಿಯುತ್ತಿದ್ದರು, ಮೋಡದಿಂದಲೋ ವರ್ತುಲದಿಂದಲೋ ಚಾಚಿದ ಕೈಯಲ್ಲೇ ಎಲ್ಲವನ್ನೂ ಹೇಳುತ್ತಿದ್ದರು. ಚಾರ್ಲ್ಸ್‌ನ ಬೈಬಲಿನಲ್ಲಿ ಈ ಕೈಯಿಂದ ಕಿರಣಗಳು ಸುರಿಯುತ್ತವೆ. ಅವನ ತಲೆಗೂ ಆ ಕೈಗೂ ನಡುವೆ ಅಂತರವಿದೆ. ನೂರೈವತ್ತು ವರ್ಷ ಕಳೆಯುವಷ್ಟರಲ್ಲಿ ಈ ಅಂತರಕ್ಕೆ ಏನಾಗುತ್ತದೆ ನೋಡಿ.

ಆಹೆನ್‌ನ ಮೂರನೆಯ ಆಟೊ ಚಿತ್ರ ಅಷ್ಟೊಂದು ಪ್ರಸಿದ್ಧ ಯಾಕೆ?

ಆ ಅಂತರ ಅಲ್ಲಿ ಇಲ್ಲವಾಗಿದೆ, ಅದಕ್ಕೆ.

ಪುಸ್ತಕ 1000ದ ಆಸುಪಾಸಿನದು. ಕೊನ್‌ಸ್ಟಾನ್ಸ್ ಸರೋವರದ ರೈಖೆನಾವ್ ದ್ವೀಪದ ಮಠದ ಪರಂಪರೆಯದು, ಈಗ ಜರ್ಮನಿಯ ಆಹೆನ್ ಕೆಥೆಡ್ರಲ್‌ನ ಭಂಡಾರದಲ್ಲಿದೆ. ಆಟೊ ಮೂರು ವರ್ಷದ ಮಗುವಾಗಿದ್ದಾಗ ರಾಜನಾದವನು, 996ರಲ್ಲಿ ಹದಿಹರೆಯದಲ್ಲೇ ಚಕ್ರವರ್ತಿ, 1002ರ ಜನವರಿಯಲ್ಲಿ ಇಪ್ಪತ್ತೊಂದಕ್ಕೆ ಸಾವು. ಚಿತ್ರದಲ್ಲಿ ಅವನು ಬಾದಾಮಿಯ ಆಕಾರದ ಪ್ರಭಾವಳಿಯೊಳಗೆ ಕೂತಿದ್ದಾನೆ. ಆ ಪ್ರಭಾವಳಿ ಸಾಮಾನ್ಯವಾಗಿ ಕ್ರಿಸ್ತನಿಗೆ ಮೀಸಲು. ಸಿಂಹಾಸನವನ್ನು ಕೆಳಗಿನಿಂದ ಭೂಮಿಯೇ ಮನುಷ್ಯರೂಪದಲ್ಲಿ ಕುಕ್ಕರಿಸಿ ಹೊತ್ತಿದೆ. ಸುತ್ತ ನಾಲ್ವರು ಸುವಾರ್ತಿಕರ ಸಂಕೇತಗಳಾದ ಮನುಷ್ಯ, ಸಿಂಹ, ಎತ್ತು, ಹದ್ದು. ಅಕ್ಕಪಕ್ಕ ಇಬ್ಬರು ಕಿರೀಟಧಾರಿಗಳು ಬಾಗಿದ್ದಾರೆ, ತಳದಲ್ಲಿ ಇಬ್ಬರು ಯೋಧರು, ಇಬ್ಬರು ಧರ್ಮಾಧಿಕಾರಿಗಳು. ಮೇಲಿಂದ ಬಂದ ದೇವರ ಕೈ ನೇರವಾಗಿ ಅವನ ತಲೆಯನ್ನೇ ತಲುಪಿದೆ. ಭೂಮಿಯ ಮೇಲೆ ಬದುಕಿದ್ದ ಒಬ್ಬ ಹುಡುಗನನ್ನು ಇಷ್ಟು ಎತ್ತರದಲ್ಲಿ ಕೂರಿಸಿದ ಚಿತ್ರ ಪಶ್ಚಿಮದಲ್ಲಿ ಮತ್ತೊಂದು ಸಿಗುವುದು ಕಷ್ಟ.

ಮೊದಲ ಸಲ ಇದನ್ನು ಕಂಪ್ಯೂಟರ್ ಪರದೆಯಲ್ಲಿ ಹಿಗ್ಗಿಸಿ ನೋಡಿದಾಗ ನಾನು ಬಹಳ ಹೊತ್ತು ಅವನ ಕೈಗಳಲ್ಲೇ ಸಿಕ್ಕಿಕೊಂಡಿದ್ದೆ. ಎರಡೂ ತೋಳು ಶಿಲುಬೆಯ ಮೇಲಿನ ಕ್ರಿಸ್ತನಂತೆ ಅಗಲಕ್ಕೆ ಚಾಚಿವೆ. ಒಂದರಲ್ಲಿ ಶಿಲುಬೆಯ ಗುರುತಿರುವ ಗೋಳ. ಇನ್ನೊಂದು ಬರಿದು, ಸುಮ್ಮನೆ ತೆರೆದುಕೊಂಡಿದೆ. ದಂಡವಿಲ್ಲ, ಕತ್ತಿಯಿಲ್ಲ. ಲೋಕದ ಒಡೆಯನನ್ನಾಗಿ ತೋರಿಸಲು ಹೊರಟ ಚಿತ್ರಕಾರ ಆ ಕೈಯನ್ನು ಯಾಕೆ ಖಾಲಿ ಬಿಟ್ಟ? ಪಡೆಯುವ ಕೈ ಅದು ಎಂದು ನನಗನಿಸುತ್ತದೆ.

ಆ ಚಿತ್ರದಲ್ಲಿ ಎದೆಯ ಮೇಲೆ ಅಡ್ಡಲಾಗಿರುವ ಬಿಳಿ ಪಟ್ಟಿ ಏನು?

ಸಂಕೇತಪ್ರಾಣಿಗಳು ಹಿಡಿದಿರುವ ಆ ಪಟ್ಟಿಯ ಬಗ್ಗೆ ವಿದ್ವಾಂಸರು ಎರಡು ಬಣವಾಗಿದ್ದಾರೆ. ಚರಿತ್ರಕಾರ ಅರ್ನ್ಸ್ಟ್ ಕಾಂಟೊರೊವಿಟ್ಸ್ ಅದನ್ನು ದೇವಗುಡಾರದ (ಬೈಬಲಿನಲ್ಲಿ ಬರುವ ಡೇರೆಯ ದೇವಾಲಯದ) ತೆರೆ ಎಂದು ಓದಿದರು: ತೆರೆಯ ಮೇಲೆ ಸ್ವರ್ಗ, ಕೆಳಗೆ ಭೂಮಿ, ರಾಜನ ತಲೆ ಅಲ್ಲಿ, ಕಾಲು ಇಲ್ಲಿ. ಇನ್ನು ಕೆಲವರು ಅದನ್ನು ಸುವಾರ್ತೆಯ ಸುರುಳಿ ಎನ್ನುತ್ತಾರೆ. ನನ್ನ ಒಲವು ಇವರ ಕಡೆಗೇ, ಕಾರಣ ಎದುರು ಪುಟದಲ್ಲಿದೆ. ಅಲ್ಲಿ ಲಿಯುಥಾರ್ ಎಂಬ ಸನ್ಯಾಸಿ ಪುಸ್ತಕ ಹಿಡಿದು ನಿಂತಿದ್ದಾನೆ. ಲ್ಯಾಟಿನ್ ಸಾಲಿನ ತಾತ್ಪರ್ಯ ಇಷ್ಟು: ಆಟೊ, ಈ ಪುಸ್ತಕವನ್ನು ದೇವರು ನಿನ್ನ ಹೃದಯಕ್ಕೆ ಉಡಿಸಲಿ, ಇದು ನಿನಗೆ ಲಿಯುಥಾರ್‌ನಿಂದ ಬಂತು ಎಂಬುದನ್ನು ನೆನಪಿಡು. ಎಡಪುಟದಲ್ಲಿ ‘ಹೃದಯಕ್ಕೆ ಉಡಿಸಲಿ’ ಎಂದು ಬರೆದು ಬಲಪುಟದಲ್ಲಿ ಎದೆಯ ಮೇಲೇ ಬಟ್ಟೆ ಎಳೆದಿದ್ದಾರೆ. ಪುಸ್ತಕ ಮುಚ್ಚಿದಾಗ ಎರಡು ಪುಟ ಒಂದಕ್ಕೊಂದು ತಾಗುತ್ತವೆ, ಆ ಸನ್ಯಾಸಿಯ ಪುಸ್ತಕ ರಾಜನ ಪುಟಕ್ಕೆ ಒತ್ತಿಕೊಳ್ಳುತ್ತದೆ. ಬಿಡಿ ಚಿತ್ರವಾಗಿ ಅಚ್ಚಾದ ಪ್ರತಿಗಳಲ್ಲಿ ಇದು ಕೈತಪ್ಪಿಹೋಗುತ್ತದೆ. ರಾಜನ ಚಿತ್ರವನ್ನು ಎದುರು ಪುಟವಿಲ್ಲದೆ ನೋಡಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಇನ್ನೊಂದು ಚಿತ್ರದಲ್ಲಿ ಇಬ್ಬರು ರಾಜನ ತೋಳು ಹಿಡಿದು ನಿಂತಿದ್ದಾರೆ. ಅವನಿಗೆ ಹುಷಾರಿರಲಿಲ್ಲವೇ?

ಅದು ಎರಡನೆಯ ಹೆನ್ರಿಯ ಪೂಜಾವಿಧಿಯ ಪುಸ್ತಕ, ರೇಗನ್ಸ್‌ಬರ್ಗ್‌ನಲ್ಲಿ 1002ರಿಂದ 1014ರ ನಡುವೆ ತಯಾರಾದದ್ದು, ಈಗ ಮ್ಯೂನಿಕ್‌ನ ಬವೇರಿಯ ರಾಜ್ಯ ಗ್ರಂಥಾಲಯದಲ್ಲಿದೆ. ತೋಳು ಹಿಡಿದವರು ಆಗ್ಸ್‌ಬರ್ಗ್‌ನ ಸಂತ ಉಲ್ರಿಖ್, ರೇಗನ್ಸ್‌ಬರ್ಗ್‌ನ ಸಂತ ಎಮ್ಮೆರಾಮ್. ಬೈಬಲ್ ಬಲ್ಲವರಿಗೆ ತಕ್ಷಣ ಹೊಳೆಯುತ್ತದೆ: ಅಮಾಲೇಕ್ಯರ ಮೇಲಿನ ಯುದ್ಧದಲ್ಲಿ ಮೋಶೆ ಕೈ ಎತ್ತಿರುವವರೆಗೆ ಇಸ್ರಾಯೇಲ್ಯರಿಗೆ ಗೆಲುವು, ಕೈ ಸೋತು ಇಳಿದರೆ ಸೋಲು, ಅದಕ್ಕೆ ಆರೋನ, ಹೂರ ಇಬ್ಬರೂ ಆ ಕೈಗಳಿಗೆ ಆಸರೆಯಾದರು. ಹೆನ್ರಿ ಇಲ್ಲಿ ಮೋಶೆ.

ಇದಕ್ಕಿಂತ ಸ್ವಾರಸ್ಯ ಆ ಕೈಗಳಲ್ಲಿರುವುದು. ಮೇಲೆ ಕ್ರಿಸ್ತ ಕಿರೀಟ ಇಡುತ್ತಿದ್ದಾನೆ, ಒಬ್ಬ ದೇವದೂತ ಹೆನ್ರಿಗೆ ರಾಜಚಿಹ್ನೆಗಳಲ್ಲಿ ಒಂದಾದ ಪವಿತ್ರ ಈಟಿಯನ್ನೂ ಇನ್ನೊಬ್ಬ ಕತ್ತಿಯನ್ನೂ ಕೊಡುತ್ತಿದ್ದಾನೆ. ಈ ಈಟಿಯ ನಿಜವಾದ ಕಥೆ ಕೇಳಿ. 1002ರಲ್ಲಿ ಮೂರನೆಯ ಆಟೊ ಇಟಲಿಯಲ್ಲಿ ಮಕ್ಕಳಿಲ್ಲದೆ ಸತ್ತ. ಶವದ ಮೆರವಣಿಗೆ ಆಲ್ಪ್ಸ್ ದಾಟಿ ಬರುವಾಗ ಬವೇರಿಯದ ಡ್ಯೂಕ್ ಆಗಿದ್ದ ಹೆನ್ರಿ ದಾರಿಯಲ್ಲೇ ಎದುರುಗೊಂಡು ರಾಜಚಿಹ್ನೆಗಳನ್ನು ತನ್ನ ವಶಕ್ಕೆ ತಗೊಂಡ. ಈಟಿ ಮಾತ್ರ ಸಿಗಲಿಲ್ಲ. ಕಲೋನ್‌ನ ಆರ್ಚ್‌ಬಿಷಪ್ ಹೆರಿಬರ್ಟ್ ಅದನ್ನು ಗುಟ್ಟಾಗಿ ಮುಂದೆ ಕಳಿಸಿಬಿಟ್ಟಿದ್ದ. ಹೆನ್ರಿ ಅವನನ್ನು ಹಿಡಿದಿಟ್ಟ, ಅವನ ಸಹೋದರನನ್ನು ಒತ್ತೆಯಾಗಿಟ್ಟುಕೊಂಡ ಮೇಲೆ ಬಿಟ್ಟ, ಆಮೇಲೆ ಈಟಿ ಬಂತು. ಅದೇ ವರ್ಷ ಜೂನ್‌ನಲ್ಲಿ ಮೈನ್ಸ್‌ನಲ್ಲಿ ಹೆನ್ರಿಯ ಪಟ್ಟಾಭಿಷೇಕ. ಇದನ್ನೆಲ್ಲ ಬರೆದಿಟ್ಟವನು ಆ ಕಾಲದವನೇ ಆದ ಮೆರ್ಸೆಬರ್ಗ್‌ನ ಬಿಷಪ್ ಥೀಟ್ಮಾರ್.

ಈಗ ಮತ್ತೆ ಪುಟಕ್ಕೆ ಬನ್ನಿ. ಒತ್ತೆ ಇಲ್ಲ, ಶವದ ಪೆಟ್ಟಿಗೆ ಇಲ್ಲ, ಆರ್ಚ್‌ಬಿಷಪ್ ಇಲ್ಲ. ಬಂಗಾರದ ಹಿನ್ನೆಲೆಯಲ್ಲಿ ದೇವದೂತನೊಬ್ಬ ಈಟಿಯನ್ನು ತಾನಾಗಿ ತಂದು ಕೊಡುತ್ತಿದ್ದಾನೆ. ಇದನ್ನು ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ. ಕಿತ್ತುಕೊಂಡದ್ದು ಎಂದು ಊರಿಗೆಲ್ಲ ಗೊತ್ತಿರುವ ವಸ್ತುವನ್ನು ಬಂದದ್ದು ಎಂದು ತೋರಿಸಬೇಕಾದಾಗ, ಚಿತ್ರಕಾರ ಅದರ ಭಾರವನ್ನು ಸಂತರ ತೋಳಿಗೂ ಹಂಚಿದ್ದಾನೆ. ತನ್ನ ಬಲದಿಂದ ಎತ್ತಲಾಗದಷ್ಟು ತೂಕದ್ದನ್ನು ಹೆನ್ರಿ ಹಿಡಿದಿದ್ದಾನೆ.

ಒಬ್ಬ ರಾಜನ ಚಿತ್ರವನ್ನು ನೋಡಿ ಇನ್ನೊಬ್ಬನ ಚಿತ್ರ ಬರೆಯುತ್ತಿದ್ದರೇ?

ಧಾರಾಳವಾಗಿ. ಅತ್ಯಂತ ಸ್ಪಷ್ಟ ಸಾಕ್ಷಿ ಹೆನ್ರಿಯ ಇದೇ ಪುಸ್ತಕದಲ್ಲಿದೆ, ಅದೇ ಹಾಳೆಯ ಹಿಂಬದಿಯಲ್ಲಿ. 870ರಲ್ಲಿ ಲಿಯುಥಾರ್ಡ್, ಬೆರಿಂಗರ್ ಎಂಬ ಸಹೋದರರು ಚಾರ್ಲ್ಸ್‌ಗಾಗಿ ಪೂರ್ತಿ ಬಂಗಾರದ ಅಕ್ಷರದಲ್ಲಿ ಒಂದು ಸುವಾರ್ತೆ ಗ್ರಂಥ ಬರೆದಿದ್ದರು. ಅದು ಕೈಯಿಂದ ಕೈಗೆ ಹೋಗಿ ಕೊನೆಗೆ ರೇಗನ್ಸ್‌ಬರ್ಗ್‌ನ ಸಂತ ಎಮ್ಮೆರಾಮ್ ಮಠ ಸೇರಿತು. ಸುಮಾರು ನೂರಮೂವತ್ತು ವರ್ಷದ ನಂತರ ಅಲ್ಲಿನ ಚಿತ್ರಕಾರರು ಹೆನ್ರಿಯನ್ನು ಬರೆಯಬೇಕಾದಾಗ ಈ ಹಳೆಯ ಪುಸ್ತಕವನ್ನೇ ಮುಂದಿಟ್ಟುಕೊಂಡರು. ಅದೇ ಸಿಂಹಾಸನ, ಅದೇ ಮಂಟಪ, ಆಯುಧ ಹಿಡಿದ ಅದೇ ಭಟರು, ಕೂತವನು ಮಾತ್ರ ಬೇರೆ. ನಕಲು ಎಂದು ಮೂಗು ಮುರಿಯುವಂಥದ್ದೇನೂ ಇದರಲ್ಲಿಲ್ಲ. ಚಾರ್ಲ್ಸ್ ಕೂತ ಜಾಗದಲ್ಲಿ ಕೂರುವುದೇ ಹೆನ್ರಿಗೆ ಬೇಕಾಗಿದ್ದುದು.

870ರ ಆ ಮೂಲವನ್ನು ನೋಡುವಾಗ ಎದುರು ಪುಟ ಮರೆಯಬೇಡಿ. ಅಲ್ಲಿ ಇಪ್ಪತ್ತನಾಲ್ಕು ಹಿರಿಯರು ಸ್ವರ್ಗದ ಕುರಿಮರಿಯನ್ನು, ಅಂದರೆ ಕ್ರಿಸ್ತನ ಸಂಕೇತವನ್ನು, ಆರಾಧಿಸುತ್ತಿದ್ದಾರೆ. ಚಾರ್ಲ್ಸ್‌ನ ಮುಖ ಅತ್ತ ತಿರುಗಿದೆ.

ಸಿಂಹಾಸನದ ಕಡೆಗೆ ಸಾಲಾಗಿ ಬರುವ ಹೆಂಗಸರು ಯಾರು?

ನಾಡುಗಳು. ಮ್ಯೂನಿಕ್‌ನಲ್ಲಿರುವ ಮೂರನೆಯ ಆಟೊನ ಸುವಾರ್ತೆ ಗ್ರಂಥದಲ್ಲಿ ನಾಲ್ವರು ಬಾಗಿ ಕಾಣಿಕೆ ತರುತ್ತಾರೆ, ತಲೆಯ ಮೇಲೆ ಹೆಸರು ಬರೆದಿದೆ: ರೋಮ್, ಗಾಲ್, ಜರ್ಮೇನಿಯ, ಸ್ಲಾವರ ನಾಡು. ನಾವು ಭುವನೇಶ್ವರಿಯನ್ನು ನಾಡಿನ ರೂಪವಾಗಿ ಕಾಣುವವರಾದ್ದರಿಂದ ಇದು ನಮಗೆ ಬೇಗ ಅರ್ಥವಾಗುತ್ತದೆ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ರೋಮ್ ಇರುವುದು ಆಕಸ್ಮಿಕವಲ್ಲ. ರೋಮನ್ನು ಮತ್ತೆ ಸಾಮ್ರಾಜ್ಯದ ಕೇಂದ್ರ ಮಾಡುವುದು ಆಟೊನ ದೊಡ್ಡ ಕನಸಾಗಿತ್ತು.

ರಾಣಿಯರನ್ನು ಚಿತ್ರಿಸುತ್ತಿರಲಿಲ್ಲವೇ?

ಚಿತ್ರಿಸುತ್ತಿದ್ದರು, ಮತ್ತು ಅವರ ಜಾಗ ನಾವು ಅಂದುಕೊಳ್ಳುವುದಕ್ಕಿಂತ ಮೇಲಿನದು. ಎರಡನೆಯ ಹೆನ್ರಿ ತಾನು 1007ರಲ್ಲಿ ಸ್ಥಾಪಿಸಿದ ಬಾಂಬರ್ಗ್‌ನ ಧರ್ಮಪೀಠಕ್ಕೆ ಕೊಟ್ಟ ಪಾಠಗ್ರಂಥದಲ್ಲಿ ಕ್ರಿಸ್ತ ಎರಡೂ ಕೈಯಿಂದ ಒಟ್ಟಿಗೇ ಹೆನ್ರಿಗೂ ರಾಣಿ ಕುನಿಗುಂಡೆಗೂ ಕಿರೀಟ ಇಡುತ್ತಿದ್ದಾನೆ. ಒಬ್ಬರಿಗೆ ಮೊದಲು ಒಬ್ಬರಿಗೆ ಆಮೇಲೆ ಎಂಬುದಿಲ್ಲ.

ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ 1031ರಲ್ಲಿ ತಯಾರಾದ ಒಂದು ಪುಸ್ತಕದಲ್ಲಿ ಕ್ನೂಟ್ ದೊರೆ, ರಾಣಿ ಎಮ್ಮಾ ಇಬ್ಬರೂ ಬಲಿಪೀಠದ ಅತ್ತಿತ್ತ ನಿಂತಿದ್ದಾರೆ. ರಾಣಿಯ ಇಂಗ್ಲಿಷ್ ಹೆಸರು ಎಲ್ಫ್‌ಗಿಫು ಎಂದು ಮೇಲೆ ಬರೆದಿದೆ. ಡೆನ್ಮಾರ್ಕಿನಿಂದ ಬಂದು ಇಂಗ್ಲೆಂಡನ್ನು ಗೆದ್ದವನು ಕ್ನೂಟ್. ಎಮ್ಮಾ ಅದಕ್ಕೆ ಮುಂಚೆ ಇಂಗ್ಲೆಂಡಿನ ದೊರೆ ಎಥೆಲ್‌ರೆಡ್‌ನ ಹೆಂಡತಿ. ಕ್ರಿಸ್ತನ ಬಲಗಡೆ, ಅಂದರೆ ಗೌರವದ ಕಡೆ, ಮರಿಯಮ್ಮನ ಕೆಳಗೆ ನಿಂತಿರುವವಳು ಎಮ್ಮಾ. ಕ್ನೂಟ್ ಇರುವುದು ಎಡಗಡೆ. ಅವನ ಒಂದು ಕೈ ಕತ್ತಿಯ ಹಿಡಿಯ ಮೇಲಿದೆ, ಇನ್ನೊಂದು ತಾನೇ ಕಾಣಿಕೆ ಕೊಟ್ಟ ದೊಡ್ಡ ಶಿಲುಬೆಯನ್ನು ಗಟ್ಟಿಯಾಗಿ ಹಿಡಿದಿದೆ. ದೇವದೂತರು ಅವನಿಗೆ ಕಿರೀಟ, ಅವಳಿಗೆ ಮುಸುಕು ತೊಡಿಸುತ್ತಿದ್ದಾರೆ. ಗೆದ್ದು ಬಂದ ಪರದೇಶಿ ದೊರೆಯ ಎರಡೂ ಕೈಯನ್ನು ಒಂದೇ ಚಿತ್ರದಲ್ಲಿ ಇಷ್ಟು ನಿಚ್ಚಳವಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ರಾಜ ತಲೆ ತಗ್ಗಿಸಿದ ಚಿತ್ರಗಳೂ ಇವೆಯೇ?

ಇವೆ. ಕೇಂಬ್ರಿಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿನ ಒಂದು ಹಸ್ತಪ್ರತಿಯಲ್ಲಿ ಎಥೆಲ್‌ಸ್ಟನ್ ದೊರೆ ಸಂತ ಕತ್‌ಬರ್ಟ್‌ನ ಮುಂದೆ ತೆರೆದ ಪುಸ್ತಕ ಹಿಡಿದು ಬಾಗಿದ್ದಾನೆ. 930ರ ದಶಕದ ಈ ಚಿತ್ರವೇ, ಬದುಕಿದ್ದಾಗಲೇ ಬರೆದ ಇಂಗ್ಲಿಷ್ ರಾಜನ ಚಿತ್ರಗಳಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯದು. 966ರ ವಿಂಚೆಸ್ಟರ್ ಸನ್ನದಿನಲ್ಲಿ ಎಡ್ಗರ್ ದೊರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಮಗೆ ಬೆನ್ನು ತಿರುಗಿಸಿ, ಎರಡೂ ತೋಳೆತ್ತಿ ಆ ಸನ್ನದನ್ನೇ ಮೇಲಿರುವ ಕ್ರಿಸ್ತನಿಗೆ ಒಪ್ಪಿಸುತ್ತಿದ್ದಾನೆ. ಆ ದಾನಪತ್ರ ಪೂರ್ತಿ ಬಂಗಾರದ ಅಕ್ಷರದಲ್ಲಿದೆ. ಪ್ರಜೆಗಳಿಗೆ ಮುಖ ತೋರಿಸುವುದು ಅಲ್ಲಿ ಅವನಿಗೆ ಮುಖ್ಯವಾಗಿರಲಿಲ್ಲ.

ರಾಜ ಬದಲಾದರೆ ಪುಸ್ತಕದ ಚಿತ್ರಕ್ಕೆ ಏನು ಗತಿ?

ಕಾನ್‌ಸ್ಟಾಂಟಿನೋಪಲ್‌ನಿಂದ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಈಗಿನ ಇಸ್ತಾಂಬುಲ್‌ನಿಂದ, ಒಂದು ಉದಾಹರಣೆ. ಸಂತ ಜಾನ್ ಕ್ರಿಸೊಸ್ಟಮ್‌ನ ಪ್ರವಚನಗಳ ಒಂದು ಪ್ರತಿ ಪ್ಯಾರಿಸ್‌ನಲ್ಲಿದೆ. ಅದರ ಚಿತ್ರಗಳಲ್ಲಿರುವ ಹೆಸರು ಚಕ್ರವರ್ತಿ ಮೂರನೆಯ ನಿಕೆಫೊರಸ್‌ನದು. ಆದರೆ ಅವು ಮೊದಲು ಏಳನೆಯ ಮೈಕೇಲ್‌ಗಾಗಿ ಬರೆದವು, 1078ರಲ್ಲಿ ಅವನು ಪಟ್ಟ ಕಳೆದುಕೊಂಡ ಮೇಲೆ ಹೊಸಬನಿಗೆ ಹೊಂದಿಸಿದರು ಎಂದು ಹಲವು ವಿದ್ವಾಂಸರು ವಾದಿಸಿದ್ದಾರೆ. ಪಕ್ಕದಲ್ಲಿರುವ ಸಾಮ್ರಾಜ್ಞಿ ಮರಿಯಾಳನ್ನು ಬದಲಾಯಿಸುವ ಅಗತ್ಯವೇ ಬೀಳಲಿಲ್ಲ. ಮೈಕೇಲ್ ಸನ್ಯಾಸ ತಗೊಂಡ, ಅವಳು ನಿಕೆಫೊರಸ್‌ನನ್ನು ಮದುವೆಯಾದಳು.

ಕಿರೀಟ ಬರೆಸಿಕೊಂಡವರೆಲ್ಲ ರಾಜರೇ?

ಅಲ್ಲ. ಸಿಂಹ ಎಂದು ಹೆಸರಾದ ಸ್ಯಾಕ್ಸನಿಯ ಹೆನ್ರಿ ಬರೀ ಡ್ಯೂಕ್. ಹೆಲ್ಮಾರ್ಸ್‌ಹೌಜನ್ ಮಠದ ಸನ್ಯಾಸಿ ಹೆರಿಮನ್ ಅವನಿಗಾಗಿ ಮಾಡಿದ ಸುವಾರ್ತೆ ಗ್ರಂಥದಲ್ಲಿ ಮೇಲಿನಿಂದ ಕೈಗಳು ಇಳಿದು ಹೆನ್ರಿಗೂ ಅವನ ಹೆಂಡತಿ ಮಟಿಲ್ಡಾಗೂ ಕಿರೀಟ ಇಡುತ್ತಿವೆ. ಮಟಿಲ್ಡಾ ಇಂಗ್ಲೆಂಡಿನ ರಾಜಕುಮಾರಿ, ಅವಳ ತಂದೆ ಹಿಂದೆಯೇ ನಿಂತಿದ್ದಾನೆ. ಹೆಚ್ಚಿನವರು ಒಪ್ಪುವಂತೆ ಪುಸ್ತಕ 1188ರ ಸುಮಾರಿನದು, ಅಂದರೆ 1180ರಲ್ಲಿ ಚಕ್ರವರ್ತಿ ಅವನ ಸೀಮೆಗಳನ್ನು ಕಿತ್ತುಕೊಂಡ ಮೇಲಿನದು. ಇದು ರಾಜ್ಯದ ಆಸೆಯೋ ಸ್ವರ್ಗದಲ್ಲಿ ಸಿಗುವ ಕಿರೀಟದ ಭರವಸೆಯೋ ಎಂಬ ಚರ್ಚೆ ನಡೆದೇ ಇದೆ. 1983ರಲ್ಲಿ ಲಂಡನ್ನಿನ ಹರಾಜಿನಲ್ಲಿ ಈ ಪುಸ್ತಕ 80 ಲಕ್ಷ ಪೌಂಡಿಗೂ ಮೀರಿ ಹೋಯಿತು, ಕೊಂಡದ್ದು ಜರ್ಮನಿಯ ಸರ್ಕಾರಿ ಸಂಸ್ಥೆಗಳ ಒಕ್ಕೂಟ. ಈಗ ವೋಲ್ಫೆನ್‌ಬ್ಯುಟಲ್‌ನ ಗ್ರಂಥಾಲಯದಲ್ಲಿದೆ.

ಬಂಗಾರ ನಿಜವಾದ ಬಂಗಾರವೇ? ಬಣ್ಣ ಎಲ್ಲಿಂದ?

ನಿಜವಾದದ್ದೇ. ಪುಡಿ ಮಾಡಿ ಅಂಟಿನಲ್ಲೋ ಮೊಟ್ಟೆಯ ಬಿಳಿಯಲ್ಲೋ ಕಲಸಿ ಶಾಯಿಯಂತೆ ಬಳಸುತ್ತಿದ್ದರು, ಇಲ್ಲವೇ ತೆಳು ರೇಕುಗಳಾಗಿ ಅಂಟಿಸುತ್ತಿದ್ದರು. ಒಣಗಿದ ಮೇಲೆ ನಾಯಿಯ ಹಲ್ಲಿನಿಂದಲೋ ನುಣುಪು ಕಲ್ಲಿನಿಂದಲೋ ಉಜ್ಜಿದರೆ ಮೆರುಗು ಬರುತ್ತಿತ್ತು. ಮೋಂಬತ್ತಿಯ ಬೆಳಕಿನಲ್ಲಿ ಪುಟ ತಿರುಗಿಸುವಾಗ ಬಂಗಾರ ಮಿಣುಗುತ್ತದೆ, ಪರದೆಯಲ್ಲಿ ಅದು ಬರೀ ಹಳದಿಯಾಗಿ ಕಾಣುತ್ತದೆ. ಹಾಳೆಗೆ ಕರು, ಕುರಿ, ಮೇಕೆಯ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು, ಬಾಗಿದ ಅಲಗಿನಿಂದ ಹೆರೆದು ಒಣಗಿಸುತ್ತಿದ್ದರು.

ಶ್ರೇಷ್ಠವಾದ ನೀಲಿ ಅಫ್ಘಾನಿಸ್ತಾನದ ಬದಕ್ಷಾನ್‌ನ ನೀಲಿಕಲ್ಲಿನದು. ಮಧ್ಯಯುಗದ ಕೊನೆಯ ಶತಮಾನಗಳ ಒಂದು ಕೆಂಪಿಗೆ ನಮ್ಮ ಕಡೆಯ ನಂಟೂ ಇದೆ: ಪತಂಗದ ಮರದ ಚಕ್ಕೆ ದಕ್ಷಿಣ ಭಾರತ ಮತ್ತು ಆಗ್ನೇಯ ಏಷ್ಯಾದಿಂದ ಅಲ್ಲಿಗೆ ಹೋಗುತ್ತಿತ್ತು. ಆ ಬಗೆಯ ಮರಕ್ಕೆ ಯುರೋಪಿನವರು ‘ಬ್ರೆಜಿಲ್’ ಎನ್ನುತ್ತಿದ್ದರು. ಅಂಥದೇ ಮರ ದಂಡಿಯಾಗಿ ಸಿಕ್ಕ ದೇಶಕ್ಕೆ ಆಮೇಲೆ ಆ ಹೆಸರು ಬಂತು.

‘ಮಿನಿಯೇಚರ್’ ಅಂದರೆ ಚಿಕ್ಕ ಚಿತ್ರ ಅಂತಲ್ಲವೇ?

ಮೂಲದಲ್ಲಿ ಅಲ್ಲ. ಸೀಸದ ಸಿಂಧೂರಕ್ಕೆ ಲ್ಯಾಟಿನ್‌ನಲ್ಲಿ ‘ಮಿನಿಯಂ’ ಎನ್ನುತ್ತಾರೆ, ಆ ಕೆಂಪಿನಿಂದ ಬರೆಯುವ ಕೆಲಸದಿಂದ ಪದ ಹುಟ್ಟಿತು. ಚಿಕ್ಕದು ಎಂಬ ಅರ್ಥ ಆಮೇಲೆ ಅಂಟಿಕೊಂಡದ್ದು.

ಚಿತ್ರಕಾರರ ಹೆಸರು ಗೊತ್ತಿದೆಯೇ? ನಿಜವಾದ ಮುಖ ಬರೆಯಲು ಶುರುವಾದದ್ದು ಯಾವಾಗ?

ಎರಡಕ್ಕೂ ಒಂದೇ ಪುಟ ತೋರಿಸುತ್ತೇನೆ. ಹಿಂದಿನ ಶತಮಾನಗಳಲ್ಲಿ ಹೆಸರು ಸಿಗುವುದು ಅಪರೂಪ, ಸಿಕ್ಕರೂ ಬರೆದವನದೋ ಬಣ್ಣ ಹಾಕಿದವನದೋ ಮಾಡಿಸಿದವನದೋ ಎಂಬ ಗೊಂದಲ. ಹೇಗ್ ನಗರದ ಒಂದು ಬೈಬಲಿನ ಮೊದಲಿಗೆ ಫ್ರಾನ್ಸಿನ ಐದನೆಯ ಚಾರ್ಲ್ಸ್ ಕುರ್ಚಿಯಲ್ಲಿ ಕೂತಿದ್ದಾನೆ, ಜಾನ್ ದ ವೋದೆತಾರ್ ಎಂಬ ಆಸ್ಥಾನಿಕ ಮಂಡಿಯೂರಿ ಪುಸ್ತಕ ಒಪ್ಪಿಸುತ್ತಿದ್ದಾನೆ. ಎದುರಿಗೆ ಬಂಗಾರದ ಅಕ್ಷರದಲ್ಲಿ, ಇದನ್ನು ರಾಜನ ಚಿತ್ರಕಾರ ಬ್ರೂಜಸ್‌ನ ಜಾನ್ ತನ್ನ ಕೈಯಿಂದಲೇ ಬರೆದ ಎಂದಿದೆ. ಕಾಲ 1372. ರಾಜನ ತಲೆಯ ಮೇಲೆ ಕಿರೀಟವಿಲ್ಲ, ಬಿಗಿಯಾದ ಬಿಳಿ ಕುಲಾವಿ. ಮೈಮೇಲೆ ವಿದ್ವಾಂಸರು ತೊಡುವಂಥ ಸರಳ ನಿಲುವಂಗಿ. ಪಕ್ಕದಿಂದ ಕಾಣುವ ಮುಖದಲ್ಲಿ ಉದ್ದ ಮೂಗು. ಅದೇ ಮೂಗು ಅವನ ಕಲ್ಲಿನ ಪ್ರತಿಮೆಗಳಲ್ಲೂ ಇದೆ, ಆದ್ದರಿಂದ ಇದು ಅವನದೇ ಎಂದು ನಂಬಬಹುದು. ಮೇಲಿಂದ ಇಳಿಯುವ ಕೈ ಇಲ್ಲಿ ಇಲ್ಲ. ಚಿತ್ರಕಾರನ ಕೈಯ ಹೆಸರು ಅದೇ ಹೊತ್ತಿಗೆ ಬಂದಿದೆ.

ಹಾಳೆಯ ಸಂಖ್ಯೆಯ ಜೊತೆ ‘ಆರ್’, ‘ವಿ’ ಎಂದು ಬರೆದಿರುತ್ತದೆ. ಏನದು?

ಈ ಪುಸ್ತಕಗಳಲ್ಲಿ ಪುಟಕ್ಕಲ್ಲ, ಹಾಳೆಗೆ ಸಂಖ್ಯೆ. ‘ಆರ್’ ಎಂದರೆ ಮುಂಬದಿ, ಪುಸ್ತಕ ತೆರೆದಾಗ ಬಲಕ್ಕೆ ಬರುವುದು. ‘ವಿ’ ಎಂದರೆ ಹಿಂಬದಿ. ಎದುರು ಪುಟ ಹುಡುಕಲು ಇದು ಗೊತ್ತಿರಬೇಕು: 5ವಿ ಎದುರಿಗೆ ಬರುವುದು 6ಆರ್.

ಮನೆಯಲ್ಲೇ ಕೂತು ನೋಡಬಹುದೇ? ಎಲ್ಲಿಂದ ಶುರುಮಾಡಲಿ?

ನೋಡಬಹುದು, ದುಡ್ಡಿಲ್ಲದೆ. ಪ್ಯಾರಿಸ್‌ನ ಪುಸ್ತಕಗಳು ‘ಗ್ಯಾಲಿಕಾ’ ಜಾಲತಾಣದಲ್ಲಿವೆ, ಅಲ್ಲಿ ‘ಲ್ಯಾಟಿನ್ 1’ ಎಂಬುದು ಚಾರ್ಲ್ಸ್‌ನ ಬೈಬಲ್, ‘ಲ್ಯಾಟಿನ್ 266’ ಲೊಥೇರ್‌ನದು. ಮ್ಯೂನಿಕ್‌ನ ಪುಸ್ತಕಗಳು ಬವೇರಿಯ ಗ್ರಂಥಾಲಯದ ತಾಣದಲ್ಲಿ ಸಿಗುತ್ತವೆ: ಆಟೊನದು ‘ಸಿಎಲ್ಎಂ 4453’ (ಸಿಎಲ್ಎಂ ಎಂದರೆ ಅಲ್ಲಿನ ಲ್ಯಾಟಿನ್ ಹಸ್ತಪ್ರತಿಗಳ ಗುರುತು), ಹೆನ್ರಿಯ ಪೂಜಾವಿಧಿ ‘ಸಿಎಲ್ಎಂ 4456’, ಬಂಗಾರದಕ್ಷರದ ಗ್ರಂಥ ‘ಸಿಎಲ್ಎಂ 14000’. ರೈಖೆನಾವ್‌ನ ಹತ್ತು ಹಸ್ತಪ್ರತಿಗಳು 2003ರಿಂದ ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿಯಲ್ಲಿವೆ. ಬ್ರಿಟಿಷ್ ಲೈಬ್ರರಿಯ ಡಿಜಿಟಲ್ ಪ್ರತಿಗಳು 2023ರ ಸೈಬರ್ ದಾಳಿಯಲ್ಲಿ ಕಣ್ಮರೆಯಾಗಿ ಹಂತ ಹಂತವಾಗಿ ಮರಳುತ್ತಿವೆ.

ಮೊದಲಿಗೆ ಯಾವುದು ಎಂದು ಕೇಳಿದವರಿಗೆ ನಾನು ಕ್ನೂಟ್ ಮತ್ತು ಎಮ್ಮಾರ ಚಿತ್ರವನ್ನೇ ಹೇಳುತ್ತೇನೆ, ಬ್ರಿಟಿಷ್ ಲೈಬ್ರರಿಯ ‘ಸ್ಟೋವ್ 944’, 6ಆರ್. ಮಠದವರು ಯಾರ ಯಾರಿಗಾಗಿ ಬೇಡಿಕೊಳ್ಳಬೇಕೋ ಅವರ ಹೆಸರುಗಳ ಪುಸ್ತಕ ಅದು, ಬಲಿಪೀಠದ ಮೇಲೆ ಇಡುತ್ತಿದ್ದುದು. ಬಂಗಾರದ ಅಬ್ಬರವಿಲ್ಲ, ತಿಳಿ ಬಣ್ಣದ ರೇಖಾಚಿತ್ರ, ಕೈಗಳು ಸಲೀಸಾಗಿ ಕಾಣುತ್ತವೆ. ಮೇಲೆ ಕ್ರಿಸ್ತ, ನಡುವೆ ಶಿಲುಬೆ, ಅತ್ತಿತ್ತ ರಾಜ ರಾಣಿ. ಅಲ್ಲಿಂದ ಕಣ್ಣನ್ನು ನಿಧಾನವಾಗಿ ಕೆಳಗಿಳಿಸಿ. ಕಮಾನುಗಳ ಅಡಿಯಲ್ಲಿ ಸನ್ಯಾಸಿಗಳ ಸಾಲೊಂದು ತಲೆಯೆತ್ತಿ ನೋಡುತ್ತಿದೆ. ನಡುವೆ ಇರುವವನ ಕೈಯಲ್ಲಿ ತೆರೆದ ಪುಸ್ತಕವಿದೆ. ನೀವು ಈಗ ನೋಡುತ್ತಿರುವುದು ಅದೇ ಪುಸ್ತಕ.